ಟೊಮೆಟೊ ಗಿಡಕ್ಕೆ ಕಾಣದ ಪ್ರೋಟೀನು

ಒಂದೆರಡು ಹದ ಮಳೆ ಬಿದ್ದು, ಹಿಂದೆಯೇ ಸುಡುಬಿಸಿಲು ಬಂದ ವಾರದಲ್ಲಿ ಕೋಲಾರದ ಟೊಮೆಟೊ ತೋಟಗಳಲ್ಲಿ ಈ ಪಾಡು ಶುರುವಾಗುತ್ತದೆ. ನಿನ್ನೆ ಸಂಜೆ ನೆಟ್ಟಗೆ ನಿಂತಿದ್ದ ಗಿಡ ಇವತ್ತು ಮಧ್ಯಾಹ್ನಕ್ಕೆ ತಲೆ ಬಾಗಿಸಿದೆ. ಎಲೆ ಹಳದಿಯಾಗಿಲ್ಲ, ಚುಕ್ಕೆಯಿಲ್ಲ, ಹುಳು ತಿಂದ ಗುರುತಿಲ್ಲ. ಹಸಿರಾಗಿದ್ದ ಹಾಗೆಯೇ ಜೋತುಬಿದ್ದಿದೆ. ಮಲ್ಚಿಂಗ್ ಹಾಳೆ ಎತ್ತಿ ನೋಡಿದರೆ ಡ್ರಿಪ್ ಪೈಪಿನಿಂದ ನೀರು ತೊಟ್ಟಿಕ್ಕುತ್ತಿದೆ, ಬುಡದ ಮಣ್ಣು ಒದ್ದೆಯಾಗಿಯೇ ಇದೆ. ರಾತ್ರಿಯ ತಂಪಿಗೆ ಗಿಡ ಕೊಂಚ ಚೇತರಿಸಿಕೊಳ್ಳುತ್ತದೆ, ಮರುದಿನ ಮತ್ತೆ ಬಾಡುತ್ತದೆ. ಮೂರು ನಾಲ್ಕು ದಿನಕ್ಕೆ ಕಥೆ ಮುಗಿಯುತ್ತದೆ. ಅಷ್ಟರಲ್ಲಿ ಅದೇ ಸಾಲಿನ ಪಕ್ಕದ ಗಿಡ ಬಾಗಿರುತ್ತದೆ.

ಇದು ಯಾವ ರೋಗವೆಂದು ತಿಳಿಯಲು ಲ್ಯಾಬ್ ಬೇಕಿಲ್ಲ. ಬಾಡಿದ ಗಿಡವನ್ನು ಬುಡದಿಂದ ಒಂದು ಗೇಣು ಮೇಲಕ್ಕೆ ಚೂಪಾದ ಚಾಕುವಿನಿಂದ ಕತ್ತರಿಸಿ, ಗಾಜಿನ ಲೋಟದಲ್ಲಿ ತಿಳಿನೀರು ತುಂಬಿ, ಕಾಂಡದ ಕತ್ತರಿಸಿದ ತುದಿ ಮಾತ್ರ ನೀರಿಗೆ ತಾಗುವಂತೆ ಹಿಡಿಯಬೇಕು. ಕೈ ಅಲುಗಬಾರದು. ಕೆಲವು ನಿಮಿಷಗಳಲ್ಲಿ ಕಾಂಡದ ಅಂಚಿನಿಂದ ಹಾಲುಬಣ್ಣದ ಸಣ್ಣ ಎಳೆಗಳು ಕೆಳಗೆ ಇಳಿಯತೊಡಗುತ್ತವೆ. ಎಳೆ ಇಳಿದರೆ ಅದು ದುಂಡಾಣು ಸೊರಗು ರೋಗ. ಶಿಲೀಂಧ್ರದಿಂದ ಬರುವ ಸೊರಗಿನಲ್ಲಿ ಎಲೆ ಮೊದಲು ಹಳದಿಯಾಗುತ್ತದೆ, ನೀರಿಗೆ ಹಾಲೂ ಇಳಿಯುವುದಿಲ್ಲ.

ಆ ಎಳೆಯ ತುಂಬ ಇರುವುದು ಬ್ಯಾಕ್ಟೀರಿಯಾ, ಜೊತೆಗೆ ಅವು ಸುರಿಸಿದ ಅಂಟು. ರೋಗ ಬಲಿತ ಗಿಡದ ಒಂದು ಗ್ರಾಂ ಕಾಂಡದಲ್ಲಿ ನೂರು ಕೋಟಿಗೂ ಹೆಚ್ಚು ಬ್ಯಾಕ್ಟೀರಿಯಾ ಇರುತ್ತವೆ. ಬೇರಿನ ಒಂದು ಸಣ್ಣ ಗಾಯದಿಂದಲೋ, ಹೊಸ ಕವಲುಬೇರು ತೊಗಟೆ ಸೀಳಿ ಹೊರಬರುವ ಜಾಗದಿಂದಲೋ ಒಳಗೆ ಹೋದಾಗ ಅವು ಬೆರಳೆಣಿಕೆಯಷ್ಟಿದ್ದರೂ ಇದ್ದಾವು. ಬೇರುಗಂಟು ಜಂತುಹುಳು ಇರುವ ಹೊಲದಲ್ಲಿ ಬಾಗಿಲು ಇನ್ನೂ ಅಗಲ. ಒಳಹೊಕ್ಕ ಬ್ಯಾಕ್ಟೀರಿಯಾ ನೀರು ಸಾಗಿಸುವ ಕೊಳವೆಗಳಿಗೆ ಇಳಿದು, ಅಲ್ಲಿ ಬೆಳೆದು, ಇಬ್ಭಾಗವಾಗಿ, ಮತ್ತೆ ಬೆಳೆದು, ತಮ್ಮದೇ ಅಂಟಿನಿಂದ ಕೊಳವೆಯನ್ನು ಕಟ್ಟಿಬಿಡುತ್ತವೆ. ಬುಡದಲ್ಲಿ ನೀರಿದ್ದೂ ಎಲೆಗೆ ನೀರಿಲ್ಲದ ಸ್ಥಿತಿ ಬರುವುದು ಹೀಗೆ.

ಅಮೆರಿಕದ ಎರ್ವಿನ್ ಸ್ಮಿತ್ 1896ರಲ್ಲಿ ಮೊದಲು ವಿವರಿಸಿದ ಈ ಬ್ಯಾಕ್ಟೀರಿಯಾಕ್ಕೆ ಆಮೇಲೆ ಹಲವು ಬಾರಿ ನಾಮಕರಣವಾಯಿತು. ಈಗಿನ ಹೆಸರು ರಾಲ್ಸ್ಟೋನಿಯಾ ಸೊಲನೇಸಿಯಾರಮ್. 200ಕ್ಕೂ ಹೆಚ್ಚು ಜಾತಿಯ ಗಿಡಗಳನ್ನು ಅದು ಕಾಡುತ್ತದೆ. ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಅದಕ್ಕೆ ಬಹಳ ಇಷ್ಟ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ತರಕಾರಿ ಹೊಲಗಳಲ್ಲಿ ಒಂದಾದ ಮೇಲೊಂದು ಬರುವ ಬೆಳೆಗಳ ಪಟ್ಟಿಯೂ ಹೆಚ್ಚುಕಡಿಮೆ ಇದೇ. ವರ್ಷವಿಡೀ ಹರಿಯುವ ನದಿಯಿಲ್ಲದ ಸೀಮೆ ಇದು. ಸಾವಿರ ಅಡಿಗೂ ಆಳದ ಕೊಳವೆಬಾವಿಯಿಂದ, ಇತ್ತೀಚೆಗೆ ಕೆ.ಸಿ. ವ್ಯಾಲಿ ಯೋಜನೆಯಿಂದ ತುಂಬಿದ ಕೆರೆಗಳ ಆಸುಪಾಸಿನಲ್ಲಿ ಜೀವ ಬಂದ ಬಾವಿಗಳಿಂದ, ನೀರು ಎತ್ತಿ ಬೆಳೆಯುವ ರೈತ ಆ ನೀರಿಗೆ ಹಾಕಿದ ದುಡ್ಡು ವಾಪಸು ಬರುವ ಬೆಳೆಯನ್ನೇ ಹುಡುಕುತ್ತಾನೆ. ಕೋಲಾರದ ಎಪಿಎಂಸಿ ಟೊಮೆಟೊ ವಹಿವಾಟಿಗೆ ದೇಶಕ್ಕೇ ಹೆಸರಾದ ಮಾರುಕಟ್ಟೆ. ಮುಳಬಾಗಿಲು ತಾಲ್ಲೂಕಿನ ವಡ್ಡಹಳ್ಳಿಯಲ್ಲಿ ಇನ್ನೊಂದು ದೊಡ್ಡ ಮಂಡಿ. 2023ರ ಜುಲೈಯಲ್ಲಿ 15 ಕಿಲೋ ಬಾಕ್ಸಿಗೆ 2,000 ರೂಪಾಯಿ ದಾಟಿದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಬಾಕ್ಸಿಗೆ ಸಿಕ್ಕ ಬೆಲೆ ಕೊಯ್ಲಿನ ಕೂಲಿಗೂ ಸಾಲದೆ ಹಣ್ಣನ್ನು ರಸ್ತೆಗೆ ಸುರಿದ ವರ್ಷಗಳನ್ನೂ ಮರೆತಿಲ್ಲ. ಹಾಗಾಗಿ ಅದೇ ಹೊಲಕ್ಕೆ ಮತ್ತೆ ಮತ್ತೆ ಟೊಮೆಟೊ ಬೀಳುತ್ತದೆ. ಮಣ್ಣಿನಲ್ಲಿ ಕಾದು ಕೂತ ಬ್ಯಾಕ್ಟೀರಿಯಾಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಟು ಇನ್ನೊಂದಿಲ್ಲ.

ಒಂದು ಬ್ಯಾಕ್ಟೀರಿಯಾ ನೂರು ಕೋಟಿಯಾಗುವುದು ಹೇಗೆ ಎನ್ನುವುದು ಈ ಅಧ್ಯಾಯದ ಪ್ರಶ್ನೆ. ಆಗಬೇಕಾದ ಕೆಲಸ ಎರಡೇ. ಮೈ ತುಂಬಿಕೊಳ್ಳಬೇಕು, ಅಂದರೆ ಪ್ರೋಟೀನು ತಯಾರಿಸಬೇಕು. ತುಂಬಿದ ಮೇಲೆ ನಡುವೆ ಗೋಡೆ ಕಟ್ಟಿ ಇಬ್ಭಾಗವಾಗಬೇಕು. ಎರಡೂ ಕೆಲಸದ ಆಯಕಟ್ಟಿನ ಜಾಗದಲ್ಲಿ ಒಂದೇ ಮನೆತನದ ಪ್ರೋಟೀನುಗಳು ಕೂತಿವೆ. ಅವುಗಳ ಹೆಸರು ಜಿಟಿಪಿಯೇಸ್.

ಜಿಟಿಪಿ ಎನ್ನುವುದು ಮೂರು ಫಾಸ್ಫೇಟ್ ಗುಂಪುಗಳ ಬಾಲವಿರುವ ಸಣ್ಣ ಅಣು. ಕೊನೆಯ ಫಾಸ್ಫೇಟ್ ಕತ್ತರಿಸಿದರೆ ಉಳಿಯುವುದು ಜಿಡಿಪಿ. ಜಿಟಿಪಿಯನ್ನು ಹಿಡಿದುಕೊಂಡು, ಒಂದು ನೀರಿನ ಅಣುವಿನ ನೆರವಿನಿಂದ ಆ ಕೊನೆಯ ಫಾಸ್ಫೇಟನ್ನು ಕತ್ತರಿಸಬಲ್ಲ ಪ್ರೋಟೀನುಗಳೇ ಜಿಟಿಪಿಯೇಸ್‌ಗಳು. ಕತ್ತರಿಸುವುದು ಮುಖ್ಯವೇನೋ ಹೌದು, ಆದರೆ ಕತ್ತರಿಸುವ ಮೊದಲು ಮತ್ತು ಆಮೇಲೆ ಪ್ರೋಟೀನಿನ ಆಕಾರ ಬೇರೆ ಬೇರೆಯಾಗಿರುತ್ತದೆ ಎನ್ನುವುದು ಅದಕ್ಕಿಂತ ಮುಖ್ಯ. ಜಿಟಿಪಿ ಕೈಯಲ್ಲಿರುವಾಗ ಒಂದು ಭಂಗಿ. ಆಗ ಅದು ಕೆಲವು ಜೊತೆಗಾರರನ್ನು ಹಿಡಿದುಕೊಳ್ಳುತ್ತದೆ. ಜಿಡಿಪಿಯಾದೊಡನೆ ಭಂಗಿ ಬದಲಾಗಿ ಹಿಡಿದದ್ದನ್ನು ಬಿಡುತ್ತದೆ. ಹೊಲದ ಮೂಲೆಯ ಪಂಪಿಗೆ ಟೈಮರ್ ಇರುವ ಆಟೋ ಸ್ಟಾರ್ಟರ್ ಕೂರಿಸಿದಂತೆ ಎನ್ನಿ: ತ್ರೀಫೇಸ್ ಬಂದಾಗ ಚಾಲೂ ಆಗುತ್ತದೆ, ಅವಧಿ ಮುಗಿದಾಗ ತಾನೇ ಕಡಿದುಕೊಳ್ಳುತ್ತದೆ, ಮತ್ತೆ ಚಾಲೂ ಆಗಲು ಯಾರಾದರೂ ಗುಂಡಿ ಒತ್ತಬೇಕು. ಜಿಟಿಪಿಯೇಸಿನಲ್ಲಿ ಗುಂಡಿ ಒತ್ತುವ ಕೆಲಸ, ಅಂದರೆ ಹಳೆಯ ಜಿಡಿಪಿ ಉದುರಿಸಿ ಹೊಸ ಜಿಟಿಪಿ ತುಂಬಿಸುವ ಕೆಲಸ, ಸಾಮಾನ್ಯವಾಗಿ ಇನ್ನೊಂದು ಪ್ರೋಟೀನಿನದು. ಕಡಿಯುವ ಗಳಿಗೆಯನ್ನು ನಿರ್ಧರಿಸುವುದೂ ಬಹಳ ಸಲ ಹೊರಗಿನವರೇ. ಒಂಟಿಯಾಗಿ ಬಿಟ್ಟರೆ ಎಷ್ಟೋ ಜಿಟಿಪಿಯೇಸ್‌ಗಳು ಜಿಟಿಪಿ ಹಿಡಿದುಕೊಂಡು ಸುಮ್ಮನೆ ಕೂತಿರುತ್ತವೆ.

ನಮ್ಮ ಮೈಯಲ್ಲೂ ಈ ಮನೆತನ ಇದೆ. ಜೀವಕೋಶದ ಹೊರಗಿನ ಸುದ್ದಿಯನ್ನು ಒಳಕ್ಕೆ ಮುಟ್ಟಿಸುವ ಜಿ-ಪ್ರೋಟೀನುಗಳ ಶೋಧಕ್ಕೆ ಆಲ್ಫ್ರೆಡ್ ಗಿಲ್ಮನ್, ಮಾರ್ಟಿನ್ ರಾಡ್‌ಬೆಲ್ ಇಬ್ಬರಿಗೂ 1994ರ ನೊಬೆಲ್ ಸಂದಿತು. ಬ್ಯಾಕ್ಟೀರಿಯಾದಲ್ಲಿ ಅವೇ ಮೂಲ ಮಾದರಿಯ ಯಂತ್ರಗಳು ಹೆಚ್ಚಾಗಿ ಬೆಳವಣಿಗೆಯ ಕೆಲಸಕ್ಕೇ ಬಿದ್ದಿವೆ.

ಇವುಗಳಲ್ಲಿ ನನ್ನ ಗಮನವನ್ನು ಬಹುಕಾಲದಿಂದ ಹಿಡಿದಿಟ್ಟಿರುವುದು ಇಎಫ್-ಟಿಯು. ಬ್ಯಾಕ್ಟೀರಿಯಾದ ಒಳಗೆ ಇದಕ್ಕಿಂತ ಹೆಚ್ಚು ಸಂಖ್ಯೆಯಲ್ಲಿರುವ ಪ್ರೋಟೀನು ಸಿಗುವುದು ಅಪರೂಪ. ಚುರುಕಾಗಿ ಬೆಳೆಯುವ ಇ. ಕೋಲೈಯಲ್ಲಿ ಒಟ್ಟು ಪ್ರೋಟೀನಿನ ನೂರರಲ್ಲಿ ಐದು ಪಾಲಾದರೂ ಇದೊಂದೇ. ಪ್ರೋಟೀನು ತಯಾರಾಗುವ ಜಾಗ ರೈಬೋಸೋಮ್. ಅಲ್ಲಿಗೆ ಅಮಿನೊ ಆಮ್ಲಗಳನ್ನು ಒಂದೊಂದಾಗಿ ಹೊತ್ತು ತರುವುದು ಟಿ-ಆರ್‌ಎನ್‌ಎ. ಆ ಹೊರೆಯನ್ನು ಹಿಡಿದು ರೈಬೋಸೋಮಿಗೆ ತಲುಪಿಸುವುದು ಇಎಫ್-ಟಿಯು. ತಲುಪಿಸುವಾಗ ಅದರ ಕೈಯಲ್ಲಿ ಜಿಟಿಪಿ ಇರುತ್ತದೆ. ಯಾವ ಅಮಿನೊ ಆಮ್ಲ ಬೇಕೆಂದು ಹೇಳುವ ಸಂದೇಶದಲ್ಲಿ ಬರೆದ ಮೂರಕ್ಷರಕ್ಕೂ ಟಿ-ಆರ್‌ಎನ್‌ಎಯ ಮೂರಕ್ಷರಕ್ಕೂ ತಾಳೆ ಬಿದ್ದರೆ ರೈಬೋಸೋಮ್ ತುಸು ಬಾಗುತ್ತದೆ, ಆ ಬಾಗುವಿಕೆ ಇಎಫ್-ಟಿಯುವಿನ ಒಂದು ಹಿಸ್ಟಿಡಿನ್ ಅಮಿನೊ ಆಮ್ಲವನ್ನು ಸರಿಯಾದ ಜಾಗಕ್ಕೆ ತಳ್ಳುತ್ತದೆ, ಅದು ನೀರಿನ ಅಣುವನ್ನು ಜಿಟಿಪಿಯ ಬಾಲಕ್ಕೆ ಎದುರಾಗಿ ಕೂರಿಸುತ್ತದೆ, ಬಾಲದ ತುದಿ ತುಂಡಾಗುತ್ತದೆ. ಇಎಫ್-ಟಿಯು ಹಿಡಿತ ಬಿಟ್ಟು ಹೊರಬೀಳುತ್ತದೆ. ತಾಳೆ ಬೀಳದಿದ್ದರೆ ಜಿಟಿಪಿ ಕತ್ತರಿಸುವ ಮೊದಲೇ ಇಡೀ ಜೋಡಿ ಜಾರಿಹೋಗುತ್ತದೆ. ಕತ್ತರಿಸಿದ ಮೇಲೂ ಇನ್ನೊಮ್ಮೆ ಪರೀಕ್ಷೆ ಇದೆ: ಹೊಂದದ ಟಿ-ಆರ್‌ಎನ್‌ಎ ಗಟ್ಟಿಯಾಗಿ ಕೂರುವ ಮುಂಚೆ ಕಳಚಿಕೊಳ್ಳಲು ಸಮಯ ಸಿಗುತ್ತದೆ. ಹೀಗೆ ಒಂದೇ ಹೊಂದಿಕೆಯನ್ನು ಎರಡು ಸಲ ಪರೀಕ್ಷಿಸುವುದಕ್ಕೆ ತೆರುವ ಬೆಲೆಯೇ ಆ ಜಿಟಿಪಿ ಎಂದು ಜಾನ್ ಹಾಪ್‌ಫೀಲ್ಡ್ 1974ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಇಎಫ್-ಟಿಯು ರೈಬೋಸೋಮಿನ ಮೇಲೆ ಕೂತಿರುವ ರಚನೆಯನ್ನು ಪರಮಾಣುಗಳ ಮಟ್ಟದಲ್ಲಿ ಬಿಡಿಸಿದ್ದು ತಮಿಳುನಾಡಿನ ಚಿದಂಬರಂನಲ್ಲಿ ಹುಟ್ಟಿದ ವೆಂಕಿ ರಾಮಕೃಷ್ಣನ್ ಅವರ ಕೇಂಬ್ರಿಜ್ ತಂಡ, 2009ರಲ್ಲಿ. ರೈಬೋಸೋಮಿನ ರಚನೆಗಾಗಿ ಅವರಿಗೆ ನೊಬೆಲ್ ಬಂದದ್ದೂ ಅದೇ ವರ್ಷ.

ಅಮಿನೊ ಆಮ್ಲ ಕೂತ ಮೇಲೆ ರೈಬೋಸೋಮನ್ನು ಮೂರಕ್ಷರ ಮುಂದಕ್ಕೆ ಸರಿಸುವುದು ಇನ್ನೊಂದು ಜಿಟಿಪಿಯೇಸ್, ಇಎಫ್-ಜಿ. ಅದಕ್ಕೂ ಒಂದು ಜಿಟಿಪಿ. 300 ಅಮಿನೊ ಆಮ್ಲಗಳ ಒಂದು ಸಾಧಾರಣ ಪ್ರೋಟೀನಿಗೆ ಇಲ್ಲೇ ಸುಮಾರು 600 ಜಿಟಿಪಿ ಖರ್ಚು. ಇ. ಕೋಲೈಯ ರೈಬೋಸೋಮ್ ಸೆಕೆಂಡಿಗೆ 15ರಿಂದ 20 ಅಮಿನೊ ಆಮ್ಲ ಜೋಡಿಸುತ್ತದೆ, ಅಂಥ ಸಾವಿರಾರು ರೈಬೋಸೋಮುಗಳು ಒಂದೇ ಕೋಶದಲ್ಲಿ ಒಟ್ಟಿಗೆ ದುಡಿಯುತ್ತವೆ. ಬೆಳೆಯುವ ಬ್ಯಾಕ್ಟೀರಿಯಾ ತನ್ನ ಗಳಿಕೆಯ ಬಹುಪಾಲನ್ನು ಸುರಿಯುವುದು ಇಲ್ಲಿಗೇ.

ಸೊರಗು ಕಂಡ ಹೊಲದಲ್ಲಿ ರೈತರು ಬುಡಕ್ಕೆ ಹುಯ್ಯುವ ಸ್ಟ್ರೆಪ್ಟೊಸೈಕ್ಲಿನ್ ಪುಡಿಯ ಎರಡೂ ಔಷಧಿಗಳು ಇದೇ ಹೆಜ್ಜೆಗೆ ಕೈ ಹಾಕುತ್ತವೆ. ಟೆಟ್ರಾಸೈಕ್ಲಿನ್ ರೈಬೋಸೋಮಿನ ಬಾಗಿಲಲ್ಲಿ ಕೂತು, ಇಎಫ್-ಟಿಯು ತಂದ ಹೊರೆ ಒಳಗೆ ನೆಲೆಯಾಗದಂತೆ ತಡೆಯುತ್ತದೆ. ಸ್ಟ್ರೆಪ್ಟೊಮೈಸಿನ್ ಆ ತಾಳೆ ನೋಡುವ ಪರೀಕ್ಷೆಯನ್ನೇ ಸಡಿಲಗೊಳಿಸಿ, ಸಲ್ಲದ ಟಿ-ಆರ್‌ಎನ್‌ಎಯೂ ಒಳಗೆ ಹೋಗುವಂತೆ ಮಾಡುತ್ತದೆ. ತತ್ವ ಸರಿಯೇ. ಆದರೆ ಮಣ್ಣಿಗೆ ಹುಯ್ದ ಔಷಧಿ ಕೊಳವೆಯೊಳಗೆ ಅಂಟು ಹೊದ್ದು ಕೂತ ನೂರು ಕೋಟಿಯನ್ನು ಸಾಕಷ್ಟು ಪ್ರಮಾಣದಲ್ಲಿ ಮುಟ್ಟುವುದಿಲ್ಲ. ಮಣ್ಣಿನ ಬೇರೆ ಬ್ಯಾಕ್ಟೀರಿಯಾಗಳನ್ನು ಮಾತ್ರ ಮುಟ್ಟುತ್ತದೆ. ರೈಬೋಸೋಮಿನ ಒಂದು ಪ್ರೋಟೀನಿನಲ್ಲಿ ಒಂದೇ ಅಕ್ಷರ ಬದಲಾದರೂ ಸಾಕು, ಅವು ಸ್ಟ್ರೆಪ್ಟೊಮೈಸಿನ್‌ಗೆ ಬಗ್ಗದಂತಾಗುತ್ತವೆ. ಮನುಷ್ಯರ ಕಾಯಿಲೆಗೂ ಬೇಕಾದ ಈ ಔಷಧಿಗಳನ್ನು ಫಲ ಕೊಡದ ಕೆಲಸಕ್ಕೆ ಹೊಲಕ್ಕೆ ಸುರಿಯುವುದು ನಿಲ್ಲಬೇಕೆಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಇನ್ನು ಇಬ್ಭಾಗವಾಗುವ ಕೆಲಸ. 1960ರ ದಶಕದಲ್ಲಿ ಇ. ಕೋಲೈಯ ಕೆಲವು ವಿಚಿತ್ರ ತಳಿಗಳು ಸಿಕ್ಕವು. 30 ಡಿಗ್ರಿಯಲ್ಲಿ ಎಲ್ಲರಂತೆ ಇರುತ್ತಿದ್ದ ಅವು 42 ಡಿಗ್ರಿಗೆ ಏರಿಸಿದರೆ ಬೆಳೆಯುತ್ತಲೇ ಹೋಗುತ್ತಿದ್ದವು, ಇಬ್ಭಾಗ ಮಾತ್ರ ಆಗುತ್ತಿರಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಕಾಣುತ್ತಿದ್ದುದು ಗಿಡ್ಡ ಕಡ್ಡಿಗಳ ಬದಲು ಉದ್ದುದ್ದ ದಾರಗಳು. ಕೆಟ್ಟಿದ್ದ ಜೀನುಗಳಲ್ಲಿ ಒಂದು ತಯಾರಿಸುವ ಪ್ರೋಟೀನೇ ಎಫ್‌ಟಿಎಸ್‌ಝಡ್. ಕೋಶ ಸೀಳುವ ಮುನ್ನ ಅದು ನಟ್ಟನಡುವೆ ಉಂಗುರ ಕಟ್ಟುತ್ತದೆ ಎಂದು ಎರ್ಫೇ ಬೀ ಮತ್ತು ಜೋ ಲುಟ್ಕೆನ್‌ಹೌಸ್ 1991ರಲ್ಲಿ ತೋರಿಸಿದರು. ಅದೂ ಜಿಟಿಪಿಯೇಸ್ ಎನ್ನುವುದು ಮರುವರ್ಷ ತಿಳಿಯಿತು. 1998ರಲ್ಲಿ ರಚನೆ ಸಿಕ್ಕಾಗ ಅದು ನಮ್ಮ ಜೀವಕೋಶಗಳ ಟ್ಯೂಬ್ಯುಲಿನ್ ಪ್ರೋಟೀನಿನ ದಾಯಾದಿ ಎಂದು ಗೊತ್ತಾಯಿತು. ಜಿಟಿಪಿ ಹಿಡಿದ ಎಫ್‌ಟಿಎಸ್‌ಝಡ್ ಎಳೆಯ ಒಂದು ತುದಿಗೆ ಸೇರುತ್ತದೆ, ಜಿಡಿಪಿಯಾದದ್ದು ಇನ್ನೊಂದು ತುದಿಯಿಂದ ಉದುರುತ್ತದೆ. ಹಾಗಾಗಿ ಎಳೆಗಳು ಕೋಶದ ಸೊಂಟದ ಸುತ್ತ ನಿಧಾನವಾಗಿ ಸುತ್ತುತ್ತಿರುವಂತೆ ಕಾಣುತ್ತವೆ. ಗೋಡೆ ಕಟ್ಟುವ ಕಿಣ್ವಗಳು ಅವುಗಳ ಜೊತೆಗೇ ಸಾಗುತ್ತವೆ. 2017ರಲ್ಲಿ ಎರಡು ತಂಡಗಳು ಇದನ್ನು ಜೀವಂತ ಕೋಶದಲ್ಲೇ ನೋಡಿ ವರದಿ ಮಾಡಿದವು. ಕೋಲಾರದಿಂದ ಎರಡು ಗಂಟೆ ದಾರಿಯಲ್ಲಿರುವ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ. ಅಜಿತ್‌ಕುಮಾರ್ ಅವರ ಪ್ರಯೋಗಾಲಯ ಕ್ಷಯರೋಗದ ಬ್ಯಾಕ್ಟೀರಿಯಾದ ಎಫ್‌ಟಿಎಸ್‌ಝಡ್ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ.

ರೈಬೋಸೋಮನ್ನು ಕಟ್ಟುವುದಕ್ಕೂ ಜಿಟಿಪಿಯೇಸ್‌ಗಳೇ ಬೇಕು. ಎರಾ, ಎಂಗ್‌ಎ, ಒಬಿಜಿ ಮುಂತಾದ ಇವು ಅರ್ಧ ಕಟ್ಟಿದ ರೈಬೋಸೋಮಿನ ತುಂಡುಗಳಿಗೆ ಅಂಟಿಕೊಂಡು, ಕೆಲಸ ಮುಗಿದಾಗ ಜಿಟಿಪಿ ಕತ್ತರಿಸಿ ಹೊರಬರುತ್ತವೆ. ಐಐಟಿ ಕಾನ್ಪುರದಲ್ಲಿದ್ದು ಮುಂದೆ ಮೈಸೂರಿನ ಸಿಎಫ್‌ಟಿಆರ್‌ಐ ಸೇರಿದ ಬಾಲಾಜಿ ಪ್ರಕಾಶ್ ಮತ್ತು ಸಂಗಡಿಗರು 2005ರಲ್ಲಿ ಇಲ್ಲೊಂದು ಒಗಟನ್ನು ಎತ್ತಿ ತೋರಿಸಿದರು. ನೀರಿನ ಅಣುವನ್ನು ಸರಿಯಾಗಿ ಕೂರಿಸಲು ಮನೆತನದ ಬೇರೆ ಕೆಲವು ಪ್ರೋಟೀನುಗಳು ಗ್ಲುಟಮಿನ್ ಎಂಬ ಅಮಿನೊ ಆಮ್ಲವನ್ನು ಬಳಸುವ ಜಾಗದಲ್ಲಿ, ಇವುಗಳ ಪೈಕಿ ಅನೇಕಕ್ಕೆ ನೀರನ್ನು ದೂರ ತಳ್ಳುವ ಅಮಿನೊ ಆಮ್ಲವಿದೆ. ಆದರೂ ಇವು ಜಿಟಿಪಿಯನ್ನು ಕತ್ತರಿಸುತ್ತವೆ. ಎಂದ ಮೇಲೆ ಆ ಕೆಲಸ ಬೇರೆ ಕಡೆಯಿಂದ ಆಗುತ್ತಿರಬೇಕು ಎಂಬ ಜಾಡು ಹಿಡಿದು ಅವರು ಮುಂದೆ ಹೋದರು.

ಆಹಾರ ತೀರಿದಾಗ ಇವೆಲ್ಲ ಏನಾಗುತ್ತವೆ? ಬ್ಯಾಕ್ಟೀರಿಯಾ ಆಗ ಜಿಟಿಪಿ, ಜಿಡಿಪಿಗಳನ್ನೇ ಬಳಸಿಕೊಂಡು ಪಿಪಿಜಿಪಿಪಿ ಎಂಬ ಅಣು ತಯಾರಿಸುತ್ತದೆ. ಮೈಕೆಲ್ ಕ್ಯಾಶೆಲ್ ಮತ್ತು ಜೊನಾಥನ್ ಗ್ಯಾಲಂಟ್ 1969ರಲ್ಲಿ ಕಂಡುಹಿಡಿದ ಈ ಅಣು ಜಿಟಿಪಿ ಕೂರಬೇಕಾದ ಜಾಗಕ್ಕೇ ಬಂದು ಕೂರುತ್ತದೆ. ರೈಬೋಸೋಮ್ ಕಟ್ಟುವುದು, ಪ್ರೋಟೀನು ತಯಾರಿಸುವುದು ಎಲ್ಲ ತಗ್ಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೀಪಂಕರ್ ಚಟರ್ಜಿ ತಮ್ಮ ಸಂಶೋಧನೆಯ ದೊಡ್ಡ ಪಾಲನ್ನು ಇದಕ್ಕೇ ಕೊಟ್ಟರು. ಖಾಲಿ ಹೊಲದಲ್ಲಿ, ಕಾಲುವೆಯ ಬರೀ ನೀರಿನಲ್ಲಿ ರಾಲ್ಸ್ಟೋನಿಯಾ ವರ್ಷಗಟ್ಟಲೆ ಬದುಕುಳಿಯುತ್ತದೆ. ಬೆಳವಣಿಗೆಯನ್ನು ಹೀಗೆ ಬೇಕೆಂದಾಗ ತಗ್ಗಿಸಿ, ಬೇಕೆಂದಾಗ ಏರಿಸುವ ಶಕ್ತಿ ಇಲ್ಲದಿದ್ದರೆ ಯಾವ ಬ್ಯಾಕ್ಟೀರಿಯಾಕ್ಕೂ ಅಷ್ಟು ತಾಳಿಕೆ ಬರುವುದಿಲ್ಲ.

ಈಗ ಗಿಡದ ಕಡೆಗೆ ಬರೋಣ. ಗಿಡಕ್ಕೆ ನಮ್ಮಂತೆ ರಕ್ತದಲ್ಲಿ ಓಡಾಡುವ ಕಾವಲು ಕೋಶಗಳಿಲ್ಲ. ಪ್ರತಿ ಕೋಶವೂ ತನ್ನ ಹೊರಪೊರೆಯ ಮೇಲೆ ಗ್ರಾಹಕ ಪ್ರೋಟೀನುಗಳನ್ನು ನೆಟ್ಟುಕೊಂಡು, ಬ್ಯಾಕ್ಟೀರಿಯಾದ ಯಾವುದಾದರೂ ತುಣುಕು ತಾಗುತ್ತದೆಯೇ ಎಂದು ಕಾಯುತ್ತಿರುತ್ತದೆ. ಬ್ಯಾಕ್ಟೀರಿಯಾ ಈಜಲು ಬಳಸುವ ಬಾಲದ ಪ್ರೋಟೀನು ಅಂಥ ಒಂದು ಗುರುತು. ರಾಲ್ಸ್ಟೋನಿಯಾ ಜಾಣ: ತನ್ನ ಬಾಲದ ಪ್ರೋಟೀನಿನಲ್ಲಿ ಗಿಡ ಗುರುತಿಸುವ ಭಾಗವನ್ನೇ ಬದಲಿಸಿಕೊಂಡಿದೆ. ಟೊಮೆಟೊಗೆ ಅದು ತಾಗುವುದೇ ಇಲ್ಲ.

ಆದರೆ ಇಎಫ್-ಟಿಯುವನ್ನು ಹಾಗೆ ಬದಲಿಸಿಕೊಳ್ಳುವುದು ಸುಲಭವಲ್ಲ. ಟಿ-ಆರ್‌ಎನ್‌ಎ, ರೈಬೋಸೋಮ್, ಜಿಟಿಪಿ, ಮತ್ತೆ ಜಿಟಿಪಿ ತುಂಬಿಸುವ ಜೊತೆಗಾರ, ಇಷ್ಟೂ ಜನಕ್ಕೆ ಹೊಂದಬೇಕಾದ ಪ್ರೋಟೀನು ಅದು. ಅದಕ್ಕೇ ದೂರದೂರದ ಬ್ಯಾಕ್ಟೀರಿಯಾಗಳಲ್ಲೂ ಅದರ ರಚನೆ ಹೆಚ್ಚುಕಡಿಮೆ ಒಂದೇ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಥಾಮಸ್ ಬೊಲ್ಲರ್ ಅವರ ತಂಡ 2004ರಲ್ಲಿ ಒಂದು ಸೋಜಿಗ ವರದಿ ಮಾಡಿತು: ಸಾಸಿವೆ ಕುಟುಂಬದ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡ ಇಎಫ್-ಟಿಯುವಿನ ಮೊದಲ 18 ಅಮಿನೊ ಆಮ್ಲಗಳನ್ನು ಕಂಡೊಡನೆ ರಕ್ಷಣೆಗೆ ಸಜ್ಜಾಗುತ್ತದೆ. ಕೋಶದ ಒಳಗೆ ಇರಬೇಕಾದ ಪ್ರೋಟೀನು ಹೊರಗೆ ಸಿಗುವುದು ಹೇಗೆ ಎಂದರೆ, ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರುವಲ್ಲಿ ಕೆಲವು ಸಾಯುತ್ತವೆ, ಸತ್ತವುಗಳ ಒಡಲಿನಿಂದ ಹೆಚ್ಚು ಚೆಲ್ಲುವುದು ಅಲ್ಲಿ ಹೆಚ್ಚು ತುಂಬಿದ್ದ ಪ್ರೋಟೀನೇ. ಎರಡು ವರ್ಷದ ಮೇಲೆ ಸಿರಿಲ್ ಜಿಪ್‌ಫೆಲ್ ಮತ್ತು ಸಂಗಡಿಗರು ಅದನ್ನು ಗುರುತಿಸುವ ಗ್ರಾಹಕವನ್ನೂ ಕಂಡುಹಿಡಿದರು. ಅದರ ಹೆಸರು ಇಎಫ್‌ಆರ್. ಇಎಫ್-ಟಿಯುವಿನ ಈ ತುದಿಯನ್ನು ಹೀಗೆ ಗುರುತಿಸುವ ಶಕ್ತಿ ಕಂಡದ್ದು ಸಾಸಿವೆ ಕುಟುಂಬದಲ್ಲಿ. ಟೊಮೆಟೊ, ಬದನೆಯ ಕುಟುಂಬಕ್ಕೆ ಇಎಫ್‌ಆರ್ ಇಲ್ಲ. ಮಾಲೂರಿನ ಹೊಲವೊಂದರಲ್ಲಿ ಪಕ್ಕಪಕ್ಕದಲ್ಲಿ ಎಲೆಕೋಸು, ಟೊಮೆಟೊ ಇದ್ದರೆ, ಸಾಸಿವೆಯ ಬಳಗದ ಕೋಸಿಗೆ ಬಂದ ಈ ಬಳುವಳಿ ಟೊಮೆಟೊಗೆ ಬಂದಿಲ್ಲ.

ಇಲ್ಲದ್ದನ್ನು ಕೊಟ್ಟರೆ? ಇಂಗ್ಲೆಂಡಿನ ನಾರಿಚ್‌ನಲ್ಲಿರುವ ಸೇನ್ಸ್‌ಬರಿ ಪ್ರಯೋಗಾಲಯದಲ್ಲಿ ಜಿಪ್‌ಫೆಲ್ ತಂಡ ಅರಾಬಿಡಾಪ್ಸಿಸ್‌ನ ಇಎಫ್‌ಆರ್ ಜೀನನ್ನು ಟೊಮೆಟೊಗೆ ಸೇರಿಸಿತು. ರಾಲ್ಸ್ಟೋನಿಯಾ ಇದ್ದ ಮಣ್ಣಿನಲ್ಲಿ ಮಾಮೂಲಿ ಟೊಮೆಟೊ ಸೊರಗಿ ಬಿದ್ದರೆ, ಜೀನು ಪಡೆದ ಗಿಡಗಳಲ್ಲಿ ಸೊರಗು ಬಹಳ ಕಡಿಮೆಯಾಗಿತ್ತು. ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಆಮೇಲೆ ಅಮೆರಿಕದ ಫ್ಲಾರಿಡಾದ ಬಯಲು ಹೊಲಗಳಲ್ಲೂ ಪ್ರಯೋಗ ನಡೆದು, ಅಲ್ಲೂ ಪ್ರಯೋಜನ ಕಂಡುಬಂತು. ಗ್ರಾಹಕವಿದ್ದ ಮಾತ್ರಕ್ಕೆ ಗಿಡ ಅಜೇಯವಾಗುವುದಿಲ್ಲ. ರಾಲ್ಸ್ಟೋನಿಯಾ ಗಿಡದ ಕೋಶದೊಳಕ್ಕೆ ಚುಚ್ಚಿ ಬಿಡುವ ಹತ್ತಾರು ಪ್ರೋಟೀನುಗಳು ಕಾವಲನ್ನು ಮಂಕಾಗಿಸುತ್ತವೆ. ಅರಾಬಿಡಾಪ್ಸಿಸ್ ಕೂಡ ಕೆಲವು ತಳಿಗಳಿಗೆ ತುತ್ತಾಗುವುದುಂಟು. ಆ 18 ಅಮಿನೊ ಆಮ್ಲಗಳಲ್ಲೇ ಅಲ್ಪಸ್ವಲ್ಪ ಬದಲಾಗಿ ಗುರುತು ಮಸುಕಾಗಿರುವ ಬ್ಯಾಕ್ಟೀರಿಯಾಗಳೂ ಇವೆ.

ಅದೇ 2010ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಇನ್ನೊಂದು ಕುಲಾಂತರಿ ಬೆಳೆಯಾದ ಬಿಟಿ ಬದನೆಗೆ ತಡೆ ಹಾಕಿತು. ಅದಕ್ಕೆ ಮುಂಚಿನ ಸಾರ್ವಜನಿಕ ಸಭೆಗಳಲ್ಲಿ ಒಂದು ಬೆಂಗಳೂರಿನಲ್ಲೂ ನಡೆದಿತ್ತು. ಕುಲಾಂತರಿ ಟೊಮೆಟೊಗೆ ನಮ್ಮಲ್ಲಿ ಅನುಮತಿ ಇಲ್ಲ. ಬಿಟಿ ಬದನೆಯ ಚರ್ಚೆ ಕೀಟ ಕೊಲ್ಲುವ ವಿಷದ ಜೀನಿನ ಕುರಿತು ನಡೆದದ್ದು. ಇಎಫ್‌ಆರ್ ಯಾವುದನ್ನೂ ಕೊಲ್ಲುವುದಿಲ್ಲ; ಬ್ಯಾಕ್ಟೀರಿಯಾ ಬಂದದ್ದನ್ನು ಗಿಡಕ್ಕೆ ತಿಳಿಸುತ್ತದೆ, ಅಷ್ಟೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ, ಇದರ ಗುಣದೋಷವನ್ನು ಇದರದೇ ಪುರಾವೆಗಳ ಮೇಲೆ, ಕೋಲಾರದ ರೈತರನ್ನು ಕೂರಿಸಿಕೊಂಡು ಚರ್ಚಿಸಬೇಕು ಎನ್ನುವುದು ನನ್ನ ಅಭಿಪ್ರಾಯ.

ಅಲ್ಲಿಯವರೆಗೆ ಕೈಗೆ ಸಿಗುವ ದಾರಿಗಳು ಬೇರೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಎ.ಟಿ. ಸದಾಶಿವ ಅವರು ರೂಪಿಸಿದ ಅರ್ಕಾ ರಕ್ಷಕ್ ಎಲೆಮುದುಡು ನಂಜು, ಅಂಗಮಾರಿಯ ಜೊತೆಗೆ ಸೊರಗನ್ನೂ ತಡೆಯುವ ಸಂಕರಣ ತಳಿ. ಸುಂಡೆ ಗಿಡದ ಬೇರಿನ ಮೇಲೆ ಟೊಮೆಟೊ ಕುಡಿ ಕಸಿ ಮಾಡುವುದೂ ನಡೆಯುತ್ತಿದೆ. ಸುಂಡೆಯ ಬೇರು ಈ ಬ್ಯಾಕ್ಟೀರಿಯಾಕ್ಕೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಬಾಡಿದ ಗಿಡವನ್ನು ಬೇರುಸಹಿತ ಕಿತ್ತು ಸುಡಬೇಕು, ಬದುವಿನ ಆಚೆ ಎಸೆಯಬಾರದು. ಮಳೆನೀರು ಅದನ್ನು ಕೆಳಗಿನ ಹೊಲಕ್ಕೆ ಇಳಿಸುತ್ತದೆ. ಕಿತ್ತ ಹೊಲದಲ್ಲಿ ಆಡಿಸಿದ ಗುದ್ದಲಿ, ಟಿಲ್ಲರನ್ನು ತೊಳೆಯದೆ ಮುಂದಿನ ಹೊಲಕ್ಕೆ ಇಳಿಸಬಾರದು. ಸೊರಗು ಕಂಡ ಹೊಲಕ್ಕೆ ಮುಂದಿನ ಬೆಳೆಯಾಗಿ ಮೆಣಸಿನಕಾಯಿ, ಬದನೆ, ಆಲೂಗಡ್ಡೆ ಬೇಡ. ರಾಗಿ, ಜೋಳದಂಥ ಹುಲ್ಲಿನ ಜಾತಿಯ ಬೆಳೆ ಹಾಕಿದರೆ ಬೇರಿನಲ್ಲಿ ಅದಕ್ಕೆ ನೆಲೆ ಸಿಗುವುದಿಲ್ಲ, ಸಂಖ್ಯೆ ಇಳಿಯುತ್ತ ಬರುತ್ತದೆ. ಒಂದೇ ವರ್ಷ ಸಾಲದು. ಎರಡು ಮೂರು ವರ್ಷ ರಾಗಿ ಬೆಳೆದರೆ ಟೊಮೆಟೊ ಬಾಕ್ಸಿನ ದುಡ್ಡು ಬರುವುದಿಲ್ಲ ಎನ್ನುವ ಲೆಕ್ಕ ರೈತನಿಗೆ ಗೊತ್ತು. ಹಾಗಾಗಿ ರಾಗಿಗೆ ಸಿಗುವ ಬೆಂಬಲ ಬೆಲೆಯನ್ನು, ಅದರ ಖರೀದಿ ಕೇಂದ್ರ ಎಷ್ಟು ಹತ್ತಿರ, ಎಷ್ಟು ಬೇಗ ತೆರೆಯುತ್ತದೆ ಎನ್ನುವುದನ್ನು ಸೊರಗು ರೋಗದ ಚಿಕಿತ್ಸೆಯ ಲೆಕ್ಕಕ್ಕೇ ಸೇರಿಸಿ ನೋಡಬೇಕಾಗಿದೆ.